ಮಣ್ಣಿನ ಗೋಡೆ ತಡೆದದ್ದೇನು?

2020ರ ಮಾರ್ಚ್ ಕೊನೆಯ ವಾರದಲ್ಲಿ ಮಾಕುಟ್ಟದ ಬಳಿ ಕೇರಳಕ್ಕೆ ಇಳಿಯುವ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿಯಲಾಯಿತು. ವಿರಾಜಪೇಟೆಯಿಂದ ಇರಿಟ್ಟಿ, ತಲಶ್ಶೇರಿಗಳತ್ತ ಸಾಗುವ ಈ ದಾರಿಯಲ್ಲಿ ತರಕಾರಿ ಲಾರಿಗಳು ಇಳಿಯುತ್ತವೆ, ಮೀನಿನ ಲಾರಿಗಳು ಏರುತ್ತವೆ. ಆಸ್ಪತ್ರೆಗೆಂದು, ನೆಂಟರ ಮನೆಗೆಂದು ಜನ ಎರಡೂ ಕಡೆಗೆ ಓಡಾಡುತ್ತಾರೆ. ರೋಗವನ್ನು ತಡೆಯಲು ಆಡಳಿತಕ್ಕೆ ತಕ್ಷಣ ಹೊಳೆದ ಉಪಾಯ ಜೆಸಿಬಿ. ಅಂದು ಕೊಡಗಿನಲ್ಲಿ ಅದನ್ನು ಮೆಚ್ಚಿಕೊಂಡವರೇ ಹೆಚ್ಚು. ಆ ಮಣ್ಣಿನ ಗೋಡೆ ನಿಜವಾಗಿ ಏನನ್ನು ತಡೆಯಿತು, ಏನನ್ನು ಒಳಗೆ ಬಿಟ್ಟಿತು ಎಂಬುದನ್ನು ಈಗ ಶಾಂತವಾಗಿ ನೋಡಬಹುದಾಗಿದೆ.

ಮೊದಲ ವರ್ಷದ ಲೆಕ್ಕ ಆಡಳಿತದ ಪರವಾಗಿಯೇ ಇದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಜಿಲ್ಲೆಯ ಮೊದಲ ಪ್ರಕರಣ ಗೊತ್ತಾದದ್ದು 2020ರ ಮಾರ್ಚ್ 19ರಂದು, ವಿದೇಶದಿಂದ ಹಿಂತಿರುಗಿದ ಒಬ್ಬರಲ್ಲಿ. ಆ ಬಳಿಕ ಸತತ 28 ದಿನ ಹೊಸ ಪ್ರಕರಣವಿಲ್ಲದ ಜಿಲ್ಲೆಯೆಂದು ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಕೊಡಗನ್ನು, ಪುದುಚೇರಿಯ ಮಾಹೆಯ ಜೊತೆಗೆ ಹೆಸರಿಸಿತು. ಆಗ ಜಿಲ್ಲಾಧಿಕಾರಿಯಾಗಿದ್ದ ಅನೀಸ್ ಕಣ್ಮಣಿ ಜಾಯ್ ಅವರು ಆಡಳಿತ ಸೇವೆಗೆ ಬರುವ ಮೊದಲು ದಾದಿ ಶಿಕ್ಷಣ ಪಡೆದವರು. ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಚುರುಕಾಗಿ ನಡೆಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಬರುವವರೆಲ್ಲರೂ ರಸ್ತೆಯಲ್ಲೇ ಬರಬೇಕು. ಕಾಫಿ ಕೊಯ್ಲು ಬಹುಮಟ್ಟಿಗೆ ಮುಗಿದಿದ್ದ ಕಾಲವದು. ಗೆಲುವಿನ ಎಷ್ಟು ಪಾಲು ಸುರಿದ ಮಣ್ಣಿಗೆ, ಎಷ್ಟು ಪಾಲು ಮನೆಮನೆ ಅಲೆದ ಆಶಾ ಕಾರ್ಯಕರ್ತೆಯರಿಗೆ ಸಲ್ಲಬೇಕು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಮಣ್ಣಿನ ಚಿತ್ರ ಪತ್ರಿಕೆಗಳಲ್ಲಿ ಬಂತು. ಆಶಾ ಕಾರ್ಯಕರ್ತೆಯರು ಮಾಸಿಕ 12,000 ರೂಪಾಯಿ ಗೌರವಧನ ಕೇಳಿ ಅದೇ ಜುಲೈನಲ್ಲಿ ರಾಜ್ಯಾದ್ಯಂತ ಕೆಲಸ ನಿಲ್ಲಿಸಬೇಕಾಯಿತು.

ಗಡಿ ಮುಚ್ಚಿದ್ದರ ನೋವನ್ನು ಉಂಡವರು ಬೇರೆಯೇ ಜನ. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನು ತಡೆದದ್ದರಿಂದ ಕಾಸರಗೋಡಿನ ರೋಗಿಗಳು ಮಂಗಳೂರು ತಲುಪಲಾಗದೆ ಮೃತಪಟ್ಟ ವರದಿಗಳು ಬಂದವು. ರಸ್ತೆ ತೆರವುಗೊಳಿಸಬೇಕೆಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಕೊಡಗಿನದೇ ಗ್ರಾಮವಾದ ಕರಿಕೆಯ ಪಾಡು ಇನ್ನೂ ವಿಚಿತ್ರ. ಕರಿಕೆಯವರಿಗೆ ಭಾಗಮಂಡಲ ಘಟ್ಟದ ಮೇಲೆ, ಪೇಟೆ ಪಾಣತ್ತೂರು ಘಟ್ಟದ ಕೆಳಗೆ. ಪಡಿತರ ಚೀಟಿ ಕರ್ನಾಟಕದ್ದು, ಔಷಧಿ ಕಾಸರಗೋಡು ಜಿಲ್ಲೆಯದು. ಇಂಥ ಊರುಗಳಿಗೆ ಗಡಿಯೆಂಬುದು ಅಂಗಳದಲ್ಲಿ ಎಳೆದ ಗೆರೆ. ವಿಧಾನಸೌಧದಲ್ಲಿ ಕುಳಿತು ನಕ್ಷೆಯ ಮೇಲೆ ಬೆರಳಿಡುವವರಿಗೆ ಅಂಗಳ ಕಾಣುವುದಿಲ್ಲ.

ಎರಡನೇ ವರ್ಷ ನೀತಿಯ ನಿಜವಾದ ಪರೀಕ್ಷೆಯಾಯಿತು. ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕೆಂಬ ನಿಯಮ 2021ರ ಫೆಬ್ರವರಿಯಲ್ಲೇ ಬಂದಿತ್ತು. ಕುಟ್ಟ, ಮಾಕುಟ್ಟ, ಕರಿಕೆಗಳಲ್ಲಿ ಕಾವಲಿತ್ತು. ಆದರೆ ಆ ವಸಂತದಲ್ಲಿ ರೋಗ ಉರಿಯುತ್ತಿದ್ದುದು ಬೆಂಗಳೂರಿನಲ್ಲಿ. ಏಪ್ರಿಲ್ 26ರಂದು ಸಚಿವ ಸಂಪುಟ ಸಭೆ ಸೇರಿತು. ಮರುದಿನ ರಾತ್ರಿ 9ರಿಂದ 14 ದಿನ ರಾಜ್ಯವೆಲ್ಲ ಬಂದ್ ಎಂದು ಮುಖ್ಯಮಂತ್ರಿಗಳು ಸಾರಿದರು. ಹೊರಡಲು ಬೇಕಾದಷ್ಟು ಬಿಡುವು, ಪರೀಕ್ಷೆ ಮಾಡಿಸಿಕೊಳ್ಳಲು ಸಾಲದಷ್ಟು ಬಿಡುವು. ಬಸ್ ನಿಲ್ದಾಣಗಳು ತುಂಬಿ ತುಳುಕಿದವು. ದುಡಿಮೆ ಕಳೆದುಕೊಂಡವರು, ಬಾಡಿಗೆ ಕಟ್ಟಲಾಗದವರು, ಹಾಸ್ಟೆಲ್ ಮುಚ್ಚಿದ ವಿದ್ಯಾರ್ಥಿಗಳು ಊರಿಗೆ ಬಂದದ್ದು ತಪ್ಪೇನಲ್ಲ. ಊರು ಇರುವುದೇ ಅದಕ್ಕೆ. ಅವರನ್ನು ಒಂದೇ ದಿನದಲ್ಲಿ, ಒಂದೇ ಬಸ್ಸಿನಲ್ಲಿ ತುಂಬಿ ಕಳಿಸಿದ್ದು ಮಾತ್ರ ಸರ್ಕಾರದ ನಿರ್ಧಾರ. ಕಾವಲು ಪಡುವಣ ದಿಕ್ಕಿಗಿತ್ತು, ರೋಗ ಮೂಡಣದಿಂದ ಕುಶಾಲನಗರದ ಸೇತುವೆ ದಾಟಿ ಬಂತು.

ಮುಂದಿನ ನಿಯಮಗಳೂ ಬಯಲುಸೀಮೆಯ ಪಟ್ಟಣವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂಥವು. ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ, ಬಸ್ಸು ಇಲ್ಲ. ಮನೆಯಿಂದ ಪೇಟೆಗೆ ನಾಲ್ಕೈದು ಮೈಲಿ ಏರು ಇಳಿಜಾರು ಇರುವಲ್ಲಿ ಈ ನಿಯಮದ ಅರ್ಥವೇನು? ಸಿಕ್ಕ ಜೀಪಿನಲ್ಲಿ ಹತ್ತು ಜನ ಕೂಡಿ ಹೋಗುವುದು, ಒಂಬತ್ತೂವರೆಗೆ ಒಂದೇ ಅಂಗಡಿಯ ಮುಂದೆ ಮುಗಿಬೀಳುವುದು. ಜನಸಂದಣಿ ತಪ್ಪಿಸಲೆಂದು ಬಂದ ನಿಯಮವೇ ಸಂದಣಿಯನ್ನು ಕೂಡಿಸಿತು. 18ರಿಂದ 44ರ ವಯಸ್ಸಿನವರು ಲಸಿಕೆಗೆ ಕೋವಿನ್ ಮೂಲಕವೇ ಹೆಸರು ನೋಂದಾಯಿಸಬೇಕೆಂದು ಮೊದಲು ಹೇಳಲಾಯಿತು. ಮೊಬೈಲ್ ಸಿಗ್ನಲ್ ಹುಡುಕಿ ಗುಡ್ಡದ ನೆತ್ತಿಗೆ ಹೋಗುವ ಹಳ್ಳಿಯಲ್ಲಿ ಓಟಿಪಿ ಬರುವ ಹೊತ್ತಿಗೆ ನಗರದವರು ಸರದಿ ಹಿಡಿದಾಗಿರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ತೋಟದ ಲೈನ್‌ಮನೆಗಳ ವಿಷಯ. ಎರವ, ಪಣಿಯ, ಜೇನುಕುರುಬ ಕುಟುಂಬಗಳೂ ಅಸ್ಸಾಂ, ಬಂಗಾಳಗಳಿಂದ ಬಂದ ಕಾರ್ಮಿಕರೂ ಇರುವ ಈ ಸಾಲು ಕೋಣೆಗಳಲ್ಲಿ ಗೋಡೆ ಒಂದೇ, ನಲ್ಲಿ ಒಂದೇ, ಅನೇಕ ಕಡೆ ಶೌಚಾಲಯವೂ ಒಂದೇ. ‘ಪ್ರತ್ಯೇಕ ಕೋಣೆಯಲ್ಲಿರಿ’ ಎಂಬ ಸಲಹೆ ಅಲ್ಲಿ ನಗೆಪಾಟಲು. ಗ್ರಾಮಾಂತರದಲ್ಲಿ ಮನೆಯಲ್ಲೇ ಪ್ರತ್ಯೇಕವಾಸ ಬೇಡ, ಸೋಂಕಿತರನ್ನು ಆರೈಕೆ ಕೇಂದ್ರಕ್ಕೆ ಸಾಗಿಸಿ ಎಂದು 2021ರ ಮೇ ಅಂತ್ಯದಲ್ಲಿ ಸರ್ಕಾರ ಹೇಳಿತು. ಆಲೋಚನೆ ಸರಿಯೇ. ಆದರೆ ದಿನಗೂಲಿಯವನನ್ನು ಹತ್ತು ದಿನ ಕೇಂದ್ರದಲ್ಲಿರಿಸಿದರೆ ಆ ಕೂಲಿ ಕೊಡುವವರಾರು ಎಂಬುದು ಆದೇಶದಲ್ಲಿರಲಿಲ್ಲ. ಕೂಲಿ ಹೋಗುತ್ತದೆಂಬ ಅಂಜಿಕೆಯಿರುವಲ್ಲಿ ಕೆಮ್ಮನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಅಷ್ಟರಲ್ಲಿ ಮುಂಗಾರು ಇಳಿದಿತ್ತು. ಬಾಗಿಲು ಮುಚ್ಚಿ ಒಲೆಯ ಸುತ್ತ ಕೂರುವ ಕಾಲ. ಜುಲೈ 5ರಿಂದ ರಾಜ್ಯದ ಉಳಿದೆಡೆ ನಿರ್ಬಂಧ ಸಡಿಲವಾದಾಗ ಸೋಂಕಿನ ಪ್ರಮಾಣ ಇಳಿಯದ ಕೊಡಗನ್ನು ಹೊರಗಿಡಬೇಕಾಯಿತು. ಒಂದು ವರ್ಷದ ಹಿಂದೆ ಮಾದರಿಯೆನಿಸಿದ್ದ ಜಿಲ್ಲೆ ಇದೇ.

ಆಗಸ್ಟ್‌ನಲ್ಲಿ ಗಡಿಯ ಎಂಟು ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಬಂತು, ಕೊಡಗೂ ಅದರಲ್ಲಿತ್ತು. ವಾರಾಂತ್ಯದಲ್ಲಿ ಊರಿನ ಸಣ್ಣ ಅಂಗಡಿ ಮುಚ್ಚಿತು. ವಾರದ ಐದು ದಿನ ಅಬ್ಬಿ ಜಲಪಾತಕ್ಕೋ ಮಾಂದಲ್‌ಪಟ್ಟಿಗೋ ಎಷ್ಟು ವಾಹನ ಬರಬಹುದು, ಯಾವ ಹೋಂಸ್ಟೇ ತೆರೆಯಬಹುದು ಎಂಬುದನ್ನು ನಿರ್ಧರಿಸುವ ಅಧಿಕಾರ ಆಗಲೂ ಗ್ರಾಮಸಭೆಗಿರಲಿಲ್ಲ, ಇಂದಿಗೂ ಇಲ್ಲ. ಪ್ರವಾಸಿಗರ ಹಣದಿಂದ ಬದುಕುವ ಮನೆಗಳಿವೆ, ನಿಜ. ಅವರೂ ಆ ಸಭೆಯಲ್ಲಿ ಕುಳಿತು ಮಾತಾಡಲಿ.

ಮುಂಬೈಯ ಪ್ಲೇಗಿನ ಬೆನ್ನಿಗೆ 1897ರಲ್ಲಿ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿದ್ದದ್ದು ನಾಲ್ಕೇ ಕಲಮು. ತಡೆಯುವ, ತಪಾಸಣೆ ಮಾಡುವ, ಶಿಕ್ಷಿಸುವ ಅಧಿಕಾರ ಅದರಲ್ಲಿತ್ತು. ರೋಗಿಗೆ ಗಂಜಿ, ಕೂಲಿ, ಕೋಣೆ ಕೊಡುವ ಹೊಣೆಯ ಮಾತಿರಲಿಲ್ಲ. 2020ರಲ್ಲಿ ಕರ್ನಾಟಕ ತನ್ನದೇ ಕಾಯಿದೆ ಮಾಡಿತಾದರೂ ಅದರ ಮನೋಧರ್ಮ ಹಳೆಯದೇ. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ರೋಗದ ಮಧ್ಯೆಯೇ ಮತ್ತೆ ಪರಿಹಾರ ಕೇಂದ್ರಗಳ ಚಿಂತೆ ಬಂದಿತ್ತು. 2018ರಿಂದ ಮಳೆಗಾಲವೆಂದರೆ ಕೊಡಗಿನ ಅನೇಕ ಕುಟುಂಬಗಳಿಗೆ ಶಾಲೆಯ ಕೊಠಡಿಯಲ್ಲಿ ಮಲಗುವ ಕಾಲವೂ ಆಗಿದೆ. ಗುಡ್ಡ ಕುಸಿತಕ್ಕೂ ರೋಗಕ್ಕೂ ಬೇಕಾದದ್ದು ಒಂದೇ: ಪ್ರತಿ ಪಂಚಾಯಿತಿಯಲ್ಲಿ ನೀರು, ಶೌಚಾಲಯ, ಬೇರೆಬೇರೆ ಕೋಣೆಗಳಿರುವ ಒಂದು ಭದ್ರ ಕಟ್ಟಡ, ಅಲ್ಲಿ ಉಳಿಯುವವರಿಗೆ ಕೂಲಿಯ ಭರವಸೆ, ಮತ್ತು ವರ್ಷವಿಡೀ ದಾದಿಯಿರುವ ಉಪಕೇಂದ್ರ. ಪಂಚಾಯಿತಿಯ ಮುಂದಿನ ಗ್ರಾಮಸಭೆಯ ನೋಟಿಸು ಬಂದಾಗ ಲೈನ್‌ಮನೆಯವರನ್ನೂ ಹಾಡಿಯವರನ್ನೂ ಕರೆದುಕೊಂಡು ಹೋಗಿ ಈ ಮೂರನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.