ಒಲೆಯ ಹೊಗೆ, ಸೊನ್ನೆ ಬಿಲ್ಲು: ನಮ್ಮ ಮನೆಯ ಇಂಗಾಲ ಎಲ್ಲಿದೆ?

"ಸೌದೆ ಒಲೆ ಪ್ರಕೃತಿಗೆ ಹತ್ತಿರ, ಭೂಮಿಯನ್ನು ಬಿಸಿ ಮಾಡುತ್ತಿರುವುದು ಗ್ಯಾಸ್ ಒಲೆ, ಅಜ್ಜಿಯ ಕಾಲಕ್ಕೆ ಮರಳೋಣ" ಎನ್ನುವ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಮಾತೂ ಓಡಾಡುತ್ತದೆ: "ಹಳ್ಳಿಯವರು ಸೌದೆ ಉರಿಸಿ ಉರಿಸಿಯೇ ಮಳೆ ಹೋಯಿತು." ಮೊದಲನೆಯದರಲ್ಲಿ ಸ್ವಲ್ಪ ನಿಜವಿದೆ. ಎರಡನೆಯದರಲ್ಲಿ ಅದಕ್ಕಿಂತಲೂ ಕಡಿಮೆ.

ಇದನ್ನು ಪರೀಕ್ಷಿಸಲು ಗುಂಡ್ಲುಪೇಟೆಯಂಥ ಜಾಗ ಒಳ್ಳೆಯದು. ಹಂಗಳ, ಮಂಗಲದಂಥ ಊರುಗಳಲ್ಲಿ ಹೊಲ ಮುಗಿಯುತ್ತಿದ್ದಂತೆ ಬಂಡೀಪುರದ ಕಾಡು ಶುರುವಾಗುತ್ತದೆ. ಸೌದೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಇಲ್ಲಿ ಲೆಕ್ಕವನ್ನು ತಿರುಗಿಸಿಬಿಡುತ್ತದೆ.

ಸೌದೆಯ ಲೆಕ್ಕ

ಮರ ಬೆಳೆಯುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ, ಉರಿದಾಗ ಅದನ್ನೇ ವಾಪಸ್ ಬಿಡುತ್ತದೆ. ಕಡಿದಷ್ಟೇ ಮತ್ತೆ ಚಿಗುರಿದರೆ ಗಾಳಿಗೆ ಹೊಸದಾಗಿ ಸೇರುವ ಇಂಗಾಲ ಹೆಚ್ಚೇನೂ ಇಲ್ಲ. ಚಾಮರಾಜನಗರದ ಕಡೆ ಒಲೆಗೆ ಹೋಗುವ ಹಿಪ್ಪುನೇರಳೆ ಕಡ್ಡಿ, ತೆಂಗಿನ ಗರಿ ಇಂಥವು. ಮುಂದಿನ ವರ್ಷ ಮತ್ತೆ ಬರುತ್ತವೆ. "ಸೌದೆ ಪ್ರಕೃತಿಗೆ ಹತ್ತಿರ" ಎಂಬ ಮಾತು ನಿಜವಾಗುವುದು ಇಷ್ಟರ ಮಟ್ಟಿಗೆ.

ಎಲ್‌ಪಿಜಿ ಹಾಗಲ್ಲ. ಅದು ನೆಲದಡಿಯಲ್ಲಿ ಕೋಟ್ಯಂತರ ವರ್ಷ ಹುದುಗಿದ್ದ ಇಂಗಾಲ. ಒಂದು ಕೆ.ಜಿ. ಉರಿದರೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಮನೆಗೆ ಬರುವ 14.2 ಕೆ.ಜಿ. ಸಿಲಿಂಡರಿಗೆ ಸುಮಾರು 42 ಕೆ.ಜಿ.

ಹಾಗಾದರೆ ಸಂದೇಶ ಗೆದ್ದಿತೆ? ಇಲ್ಲ. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಪಾತ್ರೆಗೆ ತಾಗುವುದೇ ಇಲ್ಲ. ನೂರರಲ್ಲಿ ಹತ್ತು ಹದಿನೈದು ಪಾಲು ಅಡುಗೆಗೆ, ಉಳಿದದ್ದು ಗಾಳಿಗೆ. ಒಂದು ಸಿಲಿಂಡರಿನಲ್ಲಿ ಆಗುವ ಅಡುಗೆಗೆ ಇಂಥ ಒಲೆಯಲ್ಲಿ ಹೆಚ್ಚುಕಡಿಮೆ 200 ಕೆ.ಜಿ. ಸೌದೆ ಬೇಕು, ಅದರಿಂದ 300 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದರಲ್ಲಿ ಆರೇಳು ಪಾಲಿಗೆ ಒಂದು ಪಾಲು ಮತ್ತೆ ಬೆಳೆಯದಿದ್ದರೂ ಸಾಕು, ಗ್ಯಾಸೇ ವಾಸಿ. ಪ್ರತಿದಿನ ಕಾಡಂಚಿನಿಂದ ಹೊರೆ ಹೊರೆ ಸೌದೆ ಬರುವ ಊರಿನಲ್ಲಿ ಅಷ್ಟೂ ಮತ್ತೆ ಚಿಗುರುತ್ತದೆ ಎಂದು ನಂಬುವುದು ಕಷ್ಟ. ಜೊತೆಗೆ ಸರಿಯಾಗಿ ಉರಿಯದ ಸೌದೆ ಮೀಥೇನನ್ನೂ ಮಸಿಯನ್ನೂ ಬಿಡುತ್ತದೆ, ಇವೆರಡೂ ಗಾಳಿಯನ್ನು ಬಿಸಿ ಮಾಡುವಂಥವೇ.

ಲೆಕ್ಕಕ್ಕಿಂತ ದೊಡ್ಡದು ಒಲೆಯ ಮುಂದೆ ಕೂತವರ ಶ್ವಾಸಕೋಶ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಕಾಡಂಚಿನಲ್ಲಿ ಸೌದೆಗೆ ಹೋದವರಿಗೆ ಆನೆ, ಹುಲಿಯ ಭಯ ಬೇರೆ. ಅಜ್ಜಿಯ ಕಾಲದ ಒಲೆಯನ್ನು ಹೊಗಳುವ ಸಂದೇಶಗಳಲ್ಲಿ ಅಜ್ಜಿಯ ಕೆಮ್ಮು ಯಾಕೋ ಬರುವುದಿಲ್ಲ.

ಉಜ್ವಲ ಯೋಜನೆ 2016ರಲ್ಲಿ ಬಂದಮೇಲೆ ಬಡವರ ಮನೆಗೂ ಸಿಲಿಂಡರ್ ತಲುಪಿತು. ಆದರೂ ಸೌದೆ ಒಲೆ ಪೂರ್ತಿ ಆರಿಲ್ಲ. ಟೀ, ಸಾರು ಗ್ಯಾಸಿನಲ್ಲಿ. ಬಚ್ಚಲ ಹಂಡೆಯ ಕೆಳಗೆ ಸೌದೆ. ರೀಫಿಲ್‌ಗೆ ದುಡ್ಡು ಬೇಕು, ಸೌದೆಗೆ ಮೈಕೈ ನೋವು ಸಾಕು. ಇದನ್ನು ಅಜ್ಞಾನ ಎನ್ನುವವರು ಸಿಲಿಂಡರಿನ ದರವನ್ನು ಕೂಲಿಯ ಪಕ್ಕದಲ್ಲಿಟ್ಟು ನೋಡಬೇಕು. ಸೌದೆ ತಿನ್ನುವ ಈ ಹಂಡೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಸೌದೆ ಬಿಡಲಾಗದ ಮನೆಗಳಿಗೆ ಚಿಮಣಿಯಿರುವ, ಕಡಿಮೆ ಸೌದೆ ಬೇಡುವ 'ಅಸ್ತ್ರ ಒಲೆ'ಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದ ಕೊಡುಗೆ ಅದು.

ಇಲ್ಲಿನ ಹೊಗೆಗೆ ಇಲ್ಲಿನ ಬರವೇ?

ಅಲ್ಲ. ಇಂಗಾಲದ ಡೈಆಕ್ಸೈಡ್ ಊರಿನ ಮೇಲೆ ಮೋಡದಂತೆ ನಿಲ್ಲುವುದಿಲ್ಲ. ಇಡೀ ಭೂಮಿಯ ಗಾಳಿಯಲ್ಲಿ ಬೆರೆತು ಶತಮಾನಗಳ ಕಾಲ ಉಳಿಯುತ್ತದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇದ್ದದ್ದು ಈಗ 420 ದಾಟಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷ ಮುಂಗಾರು ಕೈಕೊಟ್ಟದ್ದರಲ್ಲಿ ಎಲ್ ನಿನೋ ಪಾತ್ರ ದೊಡ್ಡದು, ಯಾರ ಮನೆಯ ಒಲೆಯದ್ದೂ ಅಲ್ಲ.

ಬಿಲ್ ಸೊನ್ನೆ, ಇಂಗಾಲ ಸೊನ್ನೆಯಲ್ಲ

ನಾಲ್ಕು ಜನರ ಒಂದು ಮನೆ ಎಂದಿಟ್ಟುಕೊಳ್ಳಿ. ಎರಡು ತಿಂಗಳಿಗೊಂದು ಸಿಲಿಂಡರ್, ತಿಂಗಳಿಗೆ 60 ಯೂನಿಟ್ ಕರೆಂಟು, ಬೈಕಿಗೆ 10 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕೆ.ಜಿ., ಒಂದು ಯೂನಿಟ್ ಕರೆಂಟಿಗೆ ದೇಶದ ಸರಾಸರಿಯಲ್ಲಿ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ ಗ್ಯಾಸಿನಿಂದ 255, ಪೆಟ್ರೋಲಿನಿಂದ 275, ಕರೆಂಟಿನಿಂದ 500 ಕೆ.ಜಿ. ಆಸುಪಾಸು. ಒಟ್ಟು ಒಂದು ಟನ್, ತಲೆಗೆ ಕಾಲು ಟನ್. (ಸಿಮೆಂಟು, ಬಟ್ಟೆ, ಊಟ ಇದರಲ್ಲಿ ಸೇರಿಲ್ಲ.) ಎಲ್ಲವನ್ನೂ ಸೇರಿಸಿದಾಗ ಭಾರತದ ತಲಾ ಸರಾಸರಿ ಸುಮಾರು 2 ಟನ್, ಅಮೆರಿಕದ್ದು ಸುಮಾರು 14.

ಈ ಮನೆಯಲ್ಲಿ ಅತಿ ಹೆಚ್ಚು ಇಂಗಾಲ ಬಂದದ್ದು ಹೊಗೆಯೇ ಕಾಣದ ಕರೆಂಟಿನಿಂದ. ಹೊಗೆ ಇಲ್ಲವೆಂದಲ್ಲ, ಅದು ರಾಯಚೂರಿನದೋ ಬಳ್ಳಾರಿಯದೋ ಕಲ್ಲಿದ್ದಲು ಸ್ಥಾವರದ ಚಿಮಣಿಯಲ್ಲಿದೆ. 2023ರಿಂದ ಗೃಹಜ್ಯೋತಿ ಬಂದು ಬಹಳಷ್ಟು ಮನೆಗಳ ಬಿಲ್ ಸೊನ್ನೆಯಾಯಿತು. ಬಡ ಮನೆಗೆ ಅದು ದೊಡ್ಡ ಆಸರೆ, ತಕರಾರಿಲ್ಲ. ಆದರೆ ತಿಂಗಳಿಗೆ 190 ಯೂನಿಟ್ ಬಳಸುವ ಮನೆಗೂ 40 ಯೂನಿಟ್ ಬಳಸುವ ಮನೆಗೂ ಒಂದೇ ಸೊನ್ನೆ ಬಂದಾಗ ವ್ಯತ್ಯಾಸ ಮರೆತುಹೋಗುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ರಾತ್ರಿ ಎಂಟು ಗಂಟೆ ಓಡುವ ಎ.ಸಿ., ಗಂಟೆಗೆ ಒಂದು ಯೂನಿಟ್ ಎಂದುಕೊಂಡರೂ, ಒಂದೇ ತಿಂಗಳಲ್ಲಿ ನಮ್ಮ ಈ ಮನೆಯ ನಾಲ್ಕು ತಿಂಗಳ ಕರೆಂಟು ನುಂಗುತ್ತದೆ. "ಹಳ್ಳಿಯ ಸೌದೆಯಿಂದಲೇ ಮಳೆ ಹೋಯಿತು" ಎಂದು ಫಾರ್ವರ್ಡ್ ಮಾಡುವ ಫೋನು ಚಾರ್ಜ್ ಆಗುವುದು ಅಂಥ ಕೋಣೆಯಲ್ಲೂ ಇರಬಹುದು.

ಸೆಸ್ಕ್ ಬಿಲ್ಲಿನಲ್ಲಿ ಮೊತ್ತ ಸೊನ್ನೆಯಿದ್ದರೂ ಬಳಸಿದ ಯೂನಿಟ್ ಮುದ್ರಿತವಾಗಿರುತ್ತದೆ. ಅದನ್ನು 0.7ರಿಂದ ಗುಣಿಸಿದರೆ ಆ ತಿಂಗಳ ಕರೆಂಟಿನ ಇಂಗಾಲ, ಕೆ.ಜಿ.ಯಲ್ಲಿ, ಸಿಗುತ್ತದೆ.