‘ನಡದೈತಲ್ಲ, ಯಾಕ ಮುಟ್ಟತೀರಿ?’ ಅನ್ನುವವರಿಗೆ

ಹುಲಗೂರು, ಶಿಗ್ಗಾಂವಿ, ಸವಣೂರು ಕಡೆ ಕಂಪ್ಯೂಟರ್ ಇಟ್ಟುಕೊಂಡು ಕೂತವರ ಬಾಯಲ್ಲಿ ಒಂದು ಮಾತು ಗಾದೆಯ ಹಾಗೆ ಓಡಾಡುತ್ತದೆ: ‘ನಡದೈತಲ್ಲ, ಯಾಕ ಮುಟ್ಟತೀರಿ?’ ಆನ್‌ಲೈನ್ ಅರ್ಜಿ ಹಾಕುವ ಅಂಗಡಿಯಲ್ಲಿ, ಕಾಲೇಜಿನ ಲ್ಯಾಬಿನಲ್ಲಿ, ಸಂಘದ ಲೆಕ್ಕ ಬರೆಯುವ ಮಷೀನಿನ ಮುಂದೆ ಇದೇ ಮಾತು. ಅಪ್‌ಡೇಟ್ ಅಂದರೆ ಡೇಟಾ ಖರ್ಚು, ಅಪ್‌ಗ್ರೇಡ್ ಅಂದರೆ ತಲೆನೋವು. ನಾವು ಇದನ್ನು ಒಪ್ಪುವುದಿಲ್ಲ. ಯಾಕೆಂದರೆ ಈ ಮಾತಿನ ಲುಕ್ಸಾನು ಅದನ್ನು ಆಡಿದವರ ಮೈಮೇಲೆ ಬರುವುದಿಲ್ಲ. ಉತಾರ ತೆಗೆಸಲಿಕ್ಕೆ ಒಂದು ದಿನದ ಕೂಲಿ ಬಿಟ್ಟು ಬಂದವರ ಮೇಲೆ ಬರುತ್ತದೆ.

ಸಾಫ್ಟ್‌ವೇರ್ ಅನ್ನುವುದನ್ನು ಯಾರೂ ಪೂರ್ತಿ ತಾವೇ ಬರೆಯುವುದಿಲ್ಲ. ಚಕ್ಕಡಿ ನೋಡಿ. ಬಡಿಗೇರ ಗಾಲಿ ಮಾಡುತ್ತಾನೆ, ಹಳಿ ಹಾಕುವವನು ಕಮ್ಮಾರ, ಹಗ್ಗ ಹೊಸೆಯುವವರು ಬೇರೆ. ಹಾಗೆಯೇ ನಮ್ಮ ಅರ್ಜಿ ತೆಗೆದುಕೊಳ್ಳುವ ಒಂದು ವೆಬ್‌ಸೈಟಿನ ಹಿಂದೆ ಬೇರೆ ಬೇರೆಯವರು ಬರೆದಿಟ್ಟ ನೂರಾರು ತುಣುಕುಗಳಿರುತ್ತವೆ. ಅದಕ್ಕೆ ಡಿಪೆಂಡೆನ್ಸಿ ಅನ್ನುತ್ತಾರೆ. ಇವನ್ನು ತರುವ, ಬದಲಿಸುವ ಆಳು ಪ್ಯಾಕೇಜ್ ಮ್ಯಾನೇಜರ್. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಕೆಲಸ ಶುರು. ಉಬುಂಟು ಮಷೀನಿನಲ್ಲಿ ‘ಆಪ್ಟ್ ಅಪ್‌ಡೇಟ್’ ಅಂದರೆ ಪಟ್ಟಿ ಮಾತ್ರ ಹೊಸದಾಗುತ್ತದೆ, ಅಂದರೆ ಸೊಸೈಟಿಗೆ ಯಾವ ಬೀಜ ಬಂದಿದೆ ಅಂತ ಕೇಳಿ ಬಂದ ಹಾಗೆ. ಚೀಲ ಮನೆಗೆ ಬರುವುದು ‘ಆಪ್ಟ್ ಅಪ್‌ಗ್ರೇಡ್’ ಅಂದಾಗ. ಮೊದಲನೆಯದನ್ನು ಮಾಡಿ ಎಲ್ಲಾ ಮುಗಿಯಿತು ಅಂತ ಮಷೀನ್ ಬಂದ್ ಮಾಡುವ ಜಾಣರೂ ಇದ್ದಾರೆ.

ಮುಟ್ಟದೆ ಬಿಟ್ಟರೆ ಏನಾಗುತ್ತದೆ? 2017ರ ಮಾರ್ಚ್‌ನಲ್ಲಿ ‘ಅಪಾಚೆ ಸ್ಟ್ರಟ್ಸ್’ ಅನ್ನುವ ಒಂದು ತುಣುಕಿನಲ್ಲಿ ತೂತು ಕಂಡಿತು, ತೇಪೆಯೂ ಅದೇ ತಿಂಗಳು ಬಂತು, ಪುಕ್ಕಟೆಯಾಗಿ. ಅಮೆರಿಕದ ‘ಈಕ್ವಿಫ್ಯಾಕ್ಸ್’ ಅನ್ನುವ ಸಾಲದ ಲೆಕ್ಕ ಇಡುವ ಕಂಪನಿ ಒಂದು ಸರ್ವರಿಗೆ ಆ ತೇಪೆ ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ತೂತಿನಿಂದ ಒಳಗೆ ಹೋದರು. ಸುಮಾರು 14.7 ಕೋಟಿ ಜನರ ವಿವರ ಹೋಯಿತು. 2021ರ ಡಿಸೆಂಬರ್‌ನಲ್ಲಿ ‘ಲಾಗ್‌ಫೋರ್‌ಜೆ’ ಅನ್ನುವ ತುಣುಕಿನಲ್ಲೂ ಅಂಥದೇ ತೂತು ಸಿಕ್ಕಾಗ ಜಗತ್ತಿನ ಕಂಪನಿಗಳು ರಾತ್ರಿಯಿಡೀ ಒಂದೇ ಪ್ರಶ್ನೆ ಕೇಳಿಕೊಂಡವು: ನಮ್ಮಲ್ಲಿ ಇದು ಎಲ್ಲೆಲ್ಲಿದೆ? ಬಹಳ ಜನರ ಹತ್ತಿರ ಉತ್ತರವೇ ಇರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಕೆಲವೇ ಮಂದಿ ಸ್ವಯಂಸೇವಕರು ಅನ್ನುವುದೂ ಆಗಲೇ ಹಲವರಿಗೆ ತಿಳಿದದ್ದು.

‘ಅಪ್‌ಗ್ರೇಡ್ ಮಾಡಿದರೂ ಕೆಡತೈತ್ರಿ’ ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತ ನಾವು ಹೇಳುತ್ತಿಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಸಿಟ್ಟಿನಿಂದ ‘ಲೆಫ್ಟ್-ಪ್ಯಾಡ್’ ಅನ್ನುವ 11 ಸಾಲಿನ ತುಣುಕನ್ನು ಎನ್‌ಪಿಎಂನಿಂದ ಕಿತ್ತುಹಾಕಿದ, ದೊಡ್ಡ ದೊಡ್ಡ ಕಂಪನಿಗಳ ಕೆಲಸ ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ‘ಚಾಕ್’, ‘ಡೀಬಗ್’ ಪ್ಯಾಕೇಜುಗಳನ್ನು ನೋಡಿಕೊಳ್ಳುವವರಿಗೆ ಸುಳ್ಳು ಇಮೇಲ್ ಕಳಿಸಿ, ಅವರ ಖಾತೆಯಿಂದಲೇ ಕಳ್ಳ ಕೋಡ್ ಬಿಟ್ಟರು. ಅದು ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು. ಆದರೆ ಆ ಹೊತ್ತಿನಲ್ಲಿ ಕಣ್ಣುಮುಚ್ಚಿ ಹೊಸದನ್ನು ಎಳೆದುಕೊಂಡವರಿಗೆ ಅಪಾಯ ಇದ್ದೇ ಇತ್ತು. ಇದರಿಂದ ಗೊತ್ತಾಗುವುದು ಅಪ್‌ಗ್ರೇಡ್ ಹೇಗೆ ಮಾಡಬೇಕು ಅನ್ನುವುದು, ಮಾಡಬಾರದು ಅನ್ನುವುದಲ್ಲ. ಎತ್ತು ಒಮ್ಮೆ ಒದ್ದಿತು ಅಂತ ಯಾರೂ ಹೊಲ ಬೀಳು ಬಿಡುವುದಿಲ್ಲ.

ನಮ್ಮೂರ ಕಡೆಯಿಂದ ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗಿ ಇದೇ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಇಷ್ಟು ಹೇಳುತ್ತೇವೆ. ಐದು ವರ್ಷ ಮುಟ್ಟದೆ ಬಿಟ್ಟು ಒಂದೇ ರಾತ್ರಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಮೊದಲು ‘ಎನ್‌ಪಿಎಂ ಔಟ್‌ಡೇಟೆಡ್’ ಹೊಡೆದು ಯಾವುದು ಎಷ್ಟು ಹಿಂದಿದೆ ನೋಡಿ. 4.2.1 ಅಂತ ಇದ್ದರೆ ಸಾಮಾನ್ಯವಾಗಿ ಕೊನೆಯ ಅಂಕಿ ಬದಲಾದಾಗ ತೇಪೆ, ನಡುವಿನದು ಬದಲಾದಾಗ ಹೊಸ ಅನುಕೂಲ, ಮೊದಲನೆಯದು ಬದಲಾದಾಗ ಹಳೆಯ ಕೋಡ್ ಮುರಿಯಬಹುದು. ಇದು ಬರೆದವರು ಕೊಟ್ಟ ಮಾತು ಅಷ್ಟೇ, ಎಲ್ಲರೂ ಉಳಿಸಿಕೊಳ್ಳುವುದಿಲ್ಲ. ಭದ್ರತೆಯ ತೇಪೆ ಇದ್ದರೆ ತಡ ಮಾಡಬೇಡಿ. ಬೇರೆ ಹೊಸ ಆವೃತ್ತಿ ನಾಲ್ಕು ದಿನ ಹಳೆಯದಾಗಲಿ. ಲಾಕ್ ಫೈಲ್ ಅಳಿಸಬೇಡಿ, ನಿನ್ನೆ ಯಾವುದು ನಡೆಯುತ್ತಿತ್ತು ಅನ್ನುವುದರ ಲೆಕ್ಕ ಅದರಲ್ಲೇ ಇರುವುದು. ಒಂದು ನಕಲಿನ ಮೇಲೆ ನಡೆಸಿ ನೋಡಿ, ಆಮೇಲೆ ಜನ ಬಳಸುವ ಸರ್ವರ್ ಮುಟ್ಟಿ. ಮತ್ತೆ, ಮುಂಗಾರು ಬೆಳೆ ವಿಮೆಯ ಕಡೇ ದಿನ ಸರದಿಯಲ್ಲಿ ಜನ ನಿಂತಿರುವಾಗ ಹಗಲು 11 ಗಂಟೆಗೆ ಮುಟ್ಟಬೇಡಿ.

ಆದರೆ ದೊಡ್ಡ ತಪ್ಪು ಈ ಹುಡುಗರದಲ್ಲ. 2001ರ ಸುಮಾರಿಗೆ ಭೂಮಿ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. ಆಮೇಲೆ ಒಂದರ ಹಿಂದೆ ಒಂದು ಪೋರ್ಟಲ್, ಆ್ಯಪ್. ಪ್ರತಿಯೊಂದಕ್ಕೂ ಉದ್ಘಾಟನೆ, ಫೋಟೊ, ಜಾಹೀರಾತು. ಅಪ್‌ಗ್ರೇಡ್ ಮಾಡಿದ್ದಕ್ಕೆ ಯಾರಾದರೂ ರಿಬ್ಬನ್ ಕತ್ತರಿಸಿದ್ದು ನೋಡಿದ್ದೀರಾ? ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಕೆರೆ ಕಟ್ಟಿಸಿ ಸುಮ್ಮನಾಗದೆ, ಅದರ ಹೂಳು ತೆಗೆಯಲಿಕ್ಕೆ, ಏರಿ ದುರಸ್ತಿಗೆ ಅಂತಲೇ ಭೂಮಿ ಬಿಡುತ್ತಿದ್ದರು, ‘ಬಿತ್ತುವಟ್ಟ’ ಅಂತ ಶಾಸನಗಳಲ್ಲಿ ಬರುವುದು ಇದೇ. ಸಾಫ್ಟ್‌ವೇರಿನ ಟೆಂಡರಿನಲ್ಲೂ ಬಿತ್ತುವಟ್ಟ ಇರಬೇಕು ಅನ್ನುವುದು ನಮ್ಮ ವಾದ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲೇ ಮಾರ್ಗಸೂಚಿ ಕೊಟ್ಟಿದೆ: ಸಾಫ್ಟ್‌ವೇರಿನ ಒಳಗೆ ಯಾವ ಯಾವ ತುಣುಕುಗಳಿವೆ ಅನ್ನುವ ಪೂರ್ತಿ ಪಟ್ಟಿಯನ್ನು ಸರ್ಕಾರಿ ಸಂಸ್ಥೆಗಳು ಇಟ್ಟುಕೊಳ್ಳಬೇಕು. ಬಿಸ್ಕೀಟ್ ಪುಡಿಕೆಯ ಹಿಂದೆ ಬರೆದಿರುತ್ತದಲ್ಲ, ಹಾಗೆ.

‘ಸರ್ವರ್ ಡೌನ್’ ಆದಾಗಲೆಲ್ಲ ಹಳೆಯ ಪ್ಯಾಕೇಜೇ ಕಾರಣ ಅನ್ನುವುದೂ ಸರಿಯಲ್ಲ. ಒಮ್ಮೆಗೇ ಲಕ್ಷಾಂತರ ಜನ ನುಗ್ಗಿದರೂ ನಿಲ್ಲುತ್ತದೆ, ಕರೆಂಟು ಹೋದರೂ ನಿಲ್ಲುತ್ತದೆ. ಆದರೆ ಯಾವ ಕಾರಣ ಅಂತ ನಮಗೆ ಹೇಳುವವರೇ ಇಲ್ಲ. ಮಳೆ ಬರಲಿಲ್ಲ ಅನ್ನುವ ಹಾಗೆ ‘ಸರ್ವರ್ ಇಲ್ಲ’ ಅಂದುಬಿಡುತ್ತಾರೆ, ನಾವೂ ತಲೆ ಆಡಿಸಿ ಬಸ್ ಹತ್ತುತ್ತೇವೆ.

ಅದಕ್ಕೇ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಆವೃತ್ತಿಯ ಸಂಖ್ಯೆ ಕೇಳಬೇಡಿ, ಭದ್ರತೆಯ ಕಾರಣ ಹೇಳಿ ತಳ್ಳಿಹಾಕುತ್ತಾರೆ, ಅದು ಬರೀ ನೆಪವೂ ಅಲ್ಲ. ಇಷ್ಟು ಕೇಳಿ: ಈ ಪೋರ್ಟಲ್ಲಿನ ನಿರ್ವಹಣೆಯ ಗುತ್ತಿಗೆ ಯಾರದು, ಎಲ್ಲಿಯವರೆಗೆ? ಕೊನೆಯ ಭದ್ರತಾ ತಪಾಸಣೆ ಯಾವ ದಿನ ಆಯಿತು? ಸರ್ಟ್-ಇನ್ ಹೇಳಿದ ಪಟ್ಟಿ ಇಟ್ಟಿದ್ದೀರಾ? ಉತ್ತರಕ್ಕೆ 30 ದಿನ ಗಡುವು. ಬಂದ ಉತ್ತರದ ಫೋಟೊ ನಮಗೆ ಕಳಿಸಿ, ನಿಮ್ಮ ಹೆಸರು, ವಿಳಾಸ ಅಳಿಸಿ ಇಲ್ಲೇ ಹಾಕುತ್ತೇವೆ.