ನಿಮ್ಮ ಆರು ಪೈಸೆ ಎಲ್ಲಿ ಹೋಯಿತು, ಕೇಳಿದ್ದೀರಾ?



ಇಂದು ಮನೆಗೆ ಹೋದ ಕೂಡಲೇ ನಿಮ್ಮ ತಂದೆಯವರ ಹತ್ತಿರ ಮನೆ ಕಂದಾಯದ ರಸೀದಿ ಕೇಳಿ ಪಡೆಯಿರಿ. ಕೆಳಗಡೆ ಒಂದು ಸಾಲು ಇರುತ್ತದೆ: ಗ್ರಂಥಾಲಯ ಕರ. ಕಂದಾಯದ ಒಂದೊಂದು ರೂಪಾಯಿಗೂ ಆರು ಪೈಸೆ! ಈ ಸಾಲು ನನಗೆ ಚೆನ್ನಾಗಿ ಗೊತ್ತು. ನಾನು ಪಿಯುಸಿ ಮುಗಿಸಿ ತಂದೆಯ ಪ್ರೆಸ್ಸಿಗೆ ಬಂದಾಗ ಒಂದು ಪುರಸಭೆಯ ರಸೀದಿ ಪುಸ್ತಕ ನಮ್ಮ ಟ್ರೆಡಲ್ ಮಷೀನಿನಲ್ಲೇ ಅಚ್ಚಾಗುತ್ತಿತ್ತು. ಆ ಎರಡು ಪದಗಳ ಮೊಳೆಗಳನ್ನು ನನ್ನ ಕೈಯಾರೆ ಜೋಡಿಸಿದ್ದೇನೆ. ಅದರ ಅರ್ಥ ಆಗ ಗೊತ್ತಿರಲಿಲ್ಲ, ಮೊಳೆ ಮಾತ್ರ ಗೊತ್ತಿತ್ತು.

ಈ ಆರು ಪೈಸೆ ಯಾರೋ ಕೊಟ್ಟ ಭಿಕ್ಷೆಯಲ್ಲ. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲವನ್ನು ನೆನೆಯಿರಿ. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಕಬ್ಬನ್ ಪಾರ್ಕಿನ ಆ ಕೆಂಪು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಎದ್ದಿತು. ರಾಜಧಾನಿಗೇನೋ ಆಯಿತು. ಮಿಕ್ಕ ಊರುಗಳ ಗತಿ? ಮದ್ರಾಸಿನ ಕೈಕೆಳಗಿದ್ದ ಮಂಗಳೂರು, ಬಳ್ಳಾರಿಗಳಿಗೆ 1948ರ ಮದ್ರಾಸ್ ಕಾಯಿದೆ ಸಿಕ್ಕಿತು. ನಿಜಾಮರ ನಾಡಾಗಿದ್ದ ಕಲಬುರಗಿ ಕಡೆಗೆ 1955ರ ಹೈದರಾಬಾದ್ ಕಾಯಿದೆ ಬಂತು. ಮುಂಬಯಿಯ ಕೆಳಗಿದ್ದ ಧಾರವಾಡ, ಬೆಳಗಾವಿಗಳಿಗೆ ಇಂಥ ಕಾಯಿದೆಯೇ ಇರಲಿಲ್ಲ! ಮರಾಠಿಯ ಅಬ್ಬರದ ನಡುವೆ 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿ, ಪುಸ್ತಕ ಬರೆಯಿಸಿ, ಬಹುಮಾನ ಕೊಟ್ಟು ಕನ್ನಡವನ್ನು ಎತ್ತಿ ನಿಲ್ಲಿಸಿದ ಧಾರವಾಡಕ್ಕೆ ಈ ಗತಿ. ಸರಕಾರದ ದಾರಿ ಕಾಯದೆ ಜನರೇ ವಂತಿಗೆ ಎತ್ತಿ ವಾಚನಾಲಯ ನಡೆಸಬೇಕಾಯಿತು.

1956ರಲ್ಲಿ ನಾಡು ಒಂದಾಯಿತು. ಓದಿಗೂ ಒಂದೇ ಕಾನೂನು ಬೇಕಲ್ಲ? ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಬೆಂಗಳೂರಿನಲ್ಲೇ ನೆಲೆಸಿದ್ದರು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆಯಿತು, 1966ರಲ್ಲಿ ಇಲಾಖೆ ಬಂತು. ಊರೂರಿಗೆ ಗ್ರಂಥಾಲಯ, ಅದರ ಖರ್ಚಿಗೆ ಜನರದೇ ಕರ. ಎಂಥ ಸುಂದರ ಏರ್ಪಾಡು!

ಆದರೆ ಆದದ್ದೇನು? ಕರ ವಸೂಲಿ ಮಾಡುವುದು ನಗರಸಭೆ, ಪಾಲಿಕೆ. ಅದನ್ನು ಗ್ರಂಥಾಲಯಕ್ಕೆ ಒಪ್ಪಿಸಬೇಕಾದ್ದೂ ಅವೇ. ನಮ್ಮ ನಿಮ್ಮ ಹಣವನ್ನು ಇಟ್ಟುಕೊಂಡು ಕೂತರೆ? ಬೆಂಗಳೂರಿನಲ್ಲಿ ಮಹಾನಗರ ಪಾಲಿಕೆ ಇದ್ದ ಕಾಲದಲ್ಲಿ ಹೀಗೆ ಬಾಕಿ ಉಳಿದದ್ದು ನೂರಾರು ಕೋಟಿ. ಚರಂಡಿಗೆ ಹೋಯಿತೋ, ಡಾಂಬರಿಗೆ ಹೋಯಿತೋ, ಯಾರ ಜೇಬಿಗೆ ಹೋಯಿತೋ! ಓದುಗರ ಕೈಗಂತೂ ಬರಲಿಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಗೊತ್ತೆ? ಗ್ರಂಥಾಲಯಗಳ ಸಗಟು ಖರೀದಿಯನ್ನು ನಂಬಿಯೇ ಸಣ್ಣ ಪ್ರಕಾಶಕ ಕನ್ನಡ ಪುಸ್ತಕ ತರುವುದು. ಮುನ್ನೂರು ಪ್ರತಿ ಹೋದರೆ ಕಾಗದದ ಸಾಲ ತೀರುತ್ತದೆ. ಒಬ್ಬ ಪ್ರಕಾಶಕರು ನನ್ನಲ್ಲಿ ಕವನ ಸಂಕಲನ ಅಚ್ಚು ಹಾಕಿಸಿದರು. ಅವರಿಗೆ ಬರಬೇಕಾದ ಬಿಲ್ಲು ಎರಡು ವರ್ಷ ಬರಲಿಲ್ಲ, ಅವರು ನನಗೆ ಕೊಡಲಿಲ್ಲ, ನಾನು ಬೈಂಡಿಂಗ್ ಹೆಂಗಸರಿಗೆ ಸಾಲ ಮಾಡಿ ಕೂಲಿ ಕೊಟ್ಟೆ. ಅವರು ಮುಂದೆ ಕನ್ನಡ ಪುಸ್ತಕದ ಸಹವಾಸವೇ ಬಿಟ್ಟು ಗೈಡುಗಳನ್ನು ಹಾಕತೊಡಗಿದರು. ಅವರನ್ನು ಬೈಯುವ ಬಾಯಿ ನನಗಿಲ್ಲ.

ನೀವು ನಾಮಫಲಕಕ್ಕಾಗಿ ಬೀದಿಗಿಳಿದಿರಿ, ಶಭಾಷ್! ಬೋರ್ಡಿನಲ್ಲಿ ಕನ್ನಡ ಬಂತು. ಬೋರ್ಡಿನ ಹಿಂದೆ, ಸೂರು ಸೋರುವ ವಾಚನಾಲಯದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಬಡ ಹುಡುಗ ಕುರ್ಚಿಯಿಲ್ಲದೆ ನಿಂತಿದ್ದಾನೆ. ಅವನಿಗಾಗಿ ಯಾವಾಗ ಇಳಿಯುತ್ತೀರಿ?

ಕಲ್ಲು ಬೇಡ, ಘೋಷಣೆಯೂ ಬೇಡ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ. ನಿಮ್ಮ ನಗರಸಭೆಗೇ ಕೇಳಿ: ಕಳೆದ ಐದು ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಒಪ್ಪಿಸಿದಿರಿ, ಯಾವ ತಾರೀಖು? ಅರ್ಜಿ ಕನ್ನಡದಲ್ಲೇ ಇರಲಿ. ನಮ್ಮ ರಾಜ್ಯದ ನಿಯಮದಂತೆ ನೂರೈವತ್ತು ಪದ ಮೀರಬಾರದು, ಒಂದೇ ವಿಷಯ ಇರಬೇಕು. ರಸೀದಿಯ ಜೆರಾಕ್ಸ್ ಲಗತ್ತಿಸಿ, ಹಿಂಬರಹ ಪಡೆಯದೆ ಕೌಂಟರ್ ಬಿಟ್ಟು ಬರಬೇಡಿ.